ತರಬೇತುದಾರನನ್ನು ಉಳಿಸಿಕೊಳ್ಳಬೇಕೆ?



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳಲ್ಲಿ ಇತಿಹಾಸ ಕಲಿಸುತ್ತ ನಿವೃತ್ತನಾದ ನನಗೂ ಫುಟ್‌ಬಾಲಿಗೂ ಏನು ನಂಟು ಎಂದು ನೀವು ಕೇಳಬಹುದು. ನಮ್ಮ ಭಾಗದಲ್ಲಿ ಆಟವೆಂದರೆ ಕುಸ್ತಿ, ಕಬಡ್ಡಿ, ಖೋ-ಖೋ. ಆದರೆ ಬೆಂಗಳೂರಿನಲ್ಲಿ ನೌಕರಿಗಿರುವ ನನ್ನ ತಮ್ಮನ ಮಗ ಬೆಂಗಳೂರು ಎಫ್‌ಸಿಯ ಕಟ್ಟಾ ಅಭಿಮಾನಿ. 2021ರ ಜನವರಿ 5ರ ರಾತ್ರಿ ಫೋನ್ ಮಾಡಿ, "ಕಾಕಾ, ಸಾಲಾಗಿ ಮೂರು ಮ್ಯಾಚ್ ಸೋತೀವ್ರಿ. ಇನ್ನ ಈ ಕೋಚ್‌ನ ಇಟಗೊಂಡು ಏನ್ ಮಾಡೂದೈತ್ರಿ?" ಎಂದ. ಮರುದಿನವೇ ಕ್ಲಬ್ಬು ಕಾರ್ಲಸ್ ಕ್ವದ್ರತ್ ಅವರನ್ನು ಬೀಳ್ಕೊಟ್ಟಿತು.

ಅಂದಿನಿಂದ ನಮ್ಮಿಬ್ಬರ ನಡುವೆ ವಾದ ನಡೆದೇ ಇದೆ. ಇತಿಹಾಸದ ಮಾಸ್ತರನಾದ ನಾನು ಹಿಂದಿನದನ್ನು ಕೆದಕಿ ನೋಡಿದೆ.

2013ರಲ್ಲಿ ಹುಟ್ಟಿದ ಈ ಕ್ಲಬ್ಬು ಆಶ್ಲಿ ವೆಸ್ಟ್‌ವುಡ್ ಅವರ ಕೈಕೆಳಗೆ ಮೊದಲ ವರ್ಷವೇ ಐ-ಲೀಗ್ ಗೆದ್ದಿತು. 2016ರಲ್ಲಿ ಮತ್ತೊಮ್ಮೆ ಗೆದ್ದಿತು. ಅದೇ ವರ್ಷ ಬಂದ ಆಲ್ಬರ್ಟ್ ರೋಕಾ ತಂಡವನ್ನು ಎಎಫ್‌ಸಿ ಕಪ್ ಫೈನಲ್ಲಿಗೆ ಒಯ್ದರು. ಭಾರತದ ಯಾವ ಕ್ಲಬ್ಬೂ ಅದುವರೆಗೆ ಅಲ್ಲಿಗೆ ತಲುಪಿರಲಿಲ್ಲ. ಅವರ ಸಹಾಯಕರಾಗಿದ್ದ ಕ್ವದ್ರತ್ ಮುಖ್ಯ ತರಬೇತುದಾರರಾದ ಮೊದಲ ಋತುವಿನಲ್ಲಿಯೇ, 2019ರ ಮಾರ್ಚ್‌ನಲ್ಲಿ, ಗೋವಾವನ್ನು 1-0ರಿಂದ ಮಣಿಸಿ ಐಎಸ್‌ಎಲ್ ಪ್ರಶಸ್ತಿ ತಂದರು. ಎರಡು ವರ್ಷ ತುಂಬುವ ಮೊದಲೇ ಅವರು ಬೇಡವಾದರು!

ಅವರು ಹೋಗುವಾಗ 9 ಪಂದ್ಯಗಳಿಂದ 12 ಅಂಕಗಳಿದ್ದವು. ನೌಷಾದ್ ಮೂಸಾ ಹಂಗಾಮಿಯಾಗಿ ಹೊಣೆ ಹೊತ್ತ ಉಳಿದ 11 ಪಂದ್ಯಗಳಲ್ಲಿ ಬಂದದ್ದು 10. ತಂಡ ಏಳನೆಯ ಸ್ಥಾನಕ್ಕಿಳಿಯಿತು. ಪ್ರೇಕ್ಷಕರಿಲ್ಲದ ಗೋವಾದ ಮೈದಾನಗಳು, ಕೊರೊನಾದ ಕಟ್ಟುಪಾಡು, ಇವೆಲ್ಲ ಇದ್ದವು ನಿಜ. ಆದರೆ ಅವು ಇಬ್ಬರಿಗೂ ಇದ್ದವಲ್ಲ?

ಮುಂದೆ 2022-23ರಲ್ಲಿ ಸೈಮನ್ ಗ್ರೇಸನ್ ಅವರ ತಂಡ ಮೊದಲ 12 ಪಂದ್ಯಗಳಲ್ಲಿ 8 ಸೋತಿತು. ಆಗಲೂ ಅದೇ ಕೂಗು. ಈ ಸಲ ಕ್ಲಬ್ಬು ಕಿವಿಗೊಡಲಿಲ್ಲ. ಉಳಿದ ಎಂಟಕ್ಕೆ ಎಂಟೂ ಗೆದ್ದು, ನಾಲ್ಕನೆಯ ಸ್ಥಾನ ಹಿಡಿದು ಫೈನಲ್ ಮುಟ್ಟಿದರು. ಸೋತದ್ದು ಪೆನಾಲ್ಟಿಗಳಲ್ಲಿ ಮಾತ್ರ. ಆ ಸಹನೆ ಮರುವರ್ಷಕ್ಕೆ ಉಳಿಯಲಿಲ್ಲ. 2023ರ ಡಿಸೆಂಬರ್‌ನಲ್ಲಿ ಮುಂಬಯಿ ಎದುರು 0-4ರಿಂದ ಸೋತ ಬೆನ್ನಲ್ಲೇ ಗ್ರೇಸನ್ ಹೊರನಡೆದರು. ಗೆರಾರ್ಡ್ ಜರಗೋಜಾ ಬಂದರು, ತಂಡ ಹತ್ತನೆಯದಾಯಿತು. ಋತುವಿನ ನಡುವೆ ತರಬೇತುದಾರನನ್ನು ಬದಲಿಸಿ ಆ ಋತುವನ್ನು ಉಳಿಸಿಕೊಂಡದ್ದು ಈ ಎರಡು ಸಲದಲ್ಲಿ ಒಮ್ಮೆಯೂ ಇಲ್ಲ ಎಂಬುದು ನನ್ನ ವಾದ.

ಹುಡುಗ ಸುಮ್ಮನಿರುವವನಲ್ಲ. "ಗ್ರೇಸನ್ ಹೋಗಲಿಲ್ಲಂದ್ರ ಜರಗೋಜಾ ಎಲ್ಲಿಂದ ಬರ್ತಿದ್ರು ಕಾಕಾ? 2025ರ ಫೈನಲ್ ಯಾರು ಆಡಸ್ತಿದ್ರು?" ಎನ್ನುತ್ತಾನೆ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಹತ್ತನೆಯ ಸ್ಥಾನಕ್ಕಿಳಿದ ಮೇಲೂ ಜರಗೋಜಾರನ್ನು ಉಳಿಸಿಕೊಂಡದ್ದರಿಂದಲೇ ಆ ಫೈನಲ್ ಬಂತಲ್ಲ ಎಂದಷ್ಟೇ ಹೇಳುತ್ತೇನೆ. ಅತ್ತ ಕ್ವದ್ರತ್ 2024ರ ಜನವರಿಯಲ್ಲಿ ಈಸ್ಟ್ ಬೆಂಗಾಲ್‌ಗೆ ಸೂಪರ್ ಕಪ್ ಗೆದ್ದುಕೊಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿಂದಲೂ ಹೊರಟರು.

ನಾನೇಕೆ ಇಷ್ಟು ಹಟ ಹಿಡಿಯುತ್ತೇನೆಂದು ಅವನಿಗೆ ತಿಳಿಯದು. ಸಿಂದಗಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಪ್ರಭಾರ ಮುಖ್ಯೋಪಾಧ್ಯಾಯನಾಗಿದ್ದಾಗ, ನಮ್ಮ ಕಬಡ್ಡಿ ತಂಡ ಎರಡು ವರ್ಷ ತಾಲ್ಲೂಕು ಕೂಟದ ಮೊದಲ ಸುತ್ತಿನಲ್ಲೇ ಸೋತು ಬಂತು. ಊರ ಹಿರಿಯರು ಬಂದು, ಪಿ.ಟಿ. ಮಾಸ್ತರರನ್ನು ಬದಲಿಸಿರೆಂದು ಪಟ್ಟು ಹಿಡಿದರು. ಹುಡುಗರು ಇನ್ನೂ ಎಂಟನೆಯ ತರಗತಿಯವರು, ಮೈ ತುಂಬಲಿ ಎಂದು ಮಾಸ್ತರರು ಹೇಳುತ್ತಲೇ ಇದ್ದರು. ನನಗೂ ಹಾಗೆಯೇ ಅನಿಸಿತ್ತು. ಆದರೂ ಪತ್ರಕ್ಕೆ ಸಹಿ ಹಾಕಿದೆ. ಅವರಿಗೆ ಮುದ್ದೇಬಿಹಾಳದ ಕಡೆ ವರ್ಗವಾಯಿತು. ಅವರ ಜಾಗಕ್ಕೆ ವರ್ಷವಿಡೀ ಯಾರೂ ಬರಲಿಲ್ಲ. ಆ ವರ್ಷ ತಂಡವೇ ಹೋಗಲಿಲ್ಲ.

ಅದೇ ಹುಡುಗರು ಹತ್ತನೆಯ ತರಗತಿಯಲ್ಲಿ ತಾಲ್ಲೂಕು ಗೆದ್ದು ಬಂದರು. ಆ ದಿನ ತೆಗೆಸಿದ ಫೋಟೋದಲ್ಲಿ ಕಪ್ಪಿನ ಪಕ್ಕದ ಕುರ್ಚಿಯಲ್ಲಿ ಕುಳಿತಿರುವವನು ನಾನು.