ಕಾರ್ನ್‌ವಾಲಿಸ್: ಎರಡು ಶರಣಾಗತಿಗಳು

1781ರ ಅಕ್ಟೋಬರ್ 19ರಂದು ಅಮೆರಿಕದ ಯಾರ್ಕ್‌ಟೌನಿನಲ್ಲಿ ಬ್ರಿಟಿಷ್ ಸೇನೆ ಶಸ್ತ್ರಗಳನ್ನು ಕೆಳಗಿಟ್ಟಾಗ ಅದರ ಸೇನಾಪತಿ ಚಾರ್ಲ್ಸ್ ಕಾರ್ನ್‌ವಾಲಿಸ್ ಅಲ್ಲಿರಲಿಲ್ಲ. ದೇಹಾಲಸ್ಯದ ನೆಪವೊಡ್ಡಿ, ಖಡ್ಗವನ್ನೊಪ್ಪಿಸಲು ಅಧೀನಾಧಿಕಾರಿ ಓಹಾರಾನನ್ನು ಕಳುಹಿಸಿದ್ದನು. ಆದರೂ ಶ್ರೀಮಂತ ಮನೆತನದ ಈ ಅರ್ಲ್‌ನಿಗೆ ಸೋಲು ಅಡ್ಡಿಯಾಗಲಿಲ್ಲ. ಐದೇ ವರ್ಷಗಳಲ್ಲಿ ಅವನು ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದಿಳಿದನು.

1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆ ಅವನ ವಶವಾಯಿತು. ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದರೂ ಮಳೆ, ಮೇವಿನ ಅಭಾವ, ಎತ್ತುಗಳ ಸಾವು ಅವನನ್ನು ಹಿಮ್ಮೆಟ್ಟಿಸಿದವು. ಭಾರಿ ಫಿರಂಗಿಗಳನ್ನು ತಾನೇ ನಾಶಮಾಡಿಸಿ ಮರಳಿದನು. ಈ ಹಿನ್ನಡೆಯನ್ನು ನಮ್ಮ ಪಠ್ಯಗಳು ಒಂದು ವಾಕ್ಯದಲ್ಲಿ ದಾಟಿಬಿಡುತ್ತವೆ.

ಮರುವರ್ಷ ಟೀಪು ಮಣಿದನು. ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಜೊತೆಗೆ ಒತ್ತೆಯಾಗಿ ಅವನ ಇಬ್ಬರು ಮಕ್ಕಳು. ಹಿರಿಯವನಾದ ಅಬ್ದುಲ್ ಖಾಲಿಕನಿಗೆ ಹತ್ತರ ಆಸುಪಾಸಿನ ವಯಸ್ಸು. ಮುಯಿಜುದ್ದೀನ್ ಇನ್ನೂ ಚಿಕ್ಕವನು. ಈ ಸಲ ಕಾರ್ನ್‌ವಾಲಿಸ್ ಮರೆಯಾಗಲಿಲ್ಲ. ಡೇರೆಯ ಬಳಿ ಸ್ವತಃ ನಿಂತು ಬಾಲಕರನ್ನು ಅಪ್ಪಿಕೊಂಡು, ಚಿನ್ನದ ಗಡಿಯಾರಗಳನ್ನು ಉಡುಗೊರೆಯಿತ್ತನು. ಸೇನೆಯೊಡನಿದ್ದ ರಾಬರ್ಟ್ ಹೋಮ್ ಈ ದೃಶ್ಯವನ್ನು ಚಿತ್ರಿಸಿದನು. ಅದರಲ್ಲಿ ಕಾಣುವ ವಾತ್ಸಲ್ಯ ಸುಳ್ಳೆಂದು ಹೇಳಲಾರೆ. ಆದರೆ 'ಒತ್ತೆ' ಎಂಬ ಕಠೋರ ಪದವನ್ನು ಅದು ಮರೆಸುತ್ತದೆಂಬುದೂ ನಿಜ.

1793ರಲ್ಲಿ ಬಂಗಾಳದ ಜಮೀನ್ದಾರರಿಗೆ ಕಂದಾಯವನ್ನು ಶಾಶ್ವತವಾಗಿ ನಿಗದಿಗೊಳಿಸಿ ಅವನು ಸ್ವದೇಶಕ್ಕೆ ತೆರಳಿದನು. ಬಾಲಕರು ಮದರಾಸಿನಲ್ಲೇ ಉಳಿದಿದ್ದರು. 1794ರಲ್ಲಿ ದೇವನಹಳ್ಳಿಯಲ್ಲಿ, ಟೀಪು ಹುಟ್ಟಿದ ಊರಿನಲ್ಲಿ, ಅವರನ್ನು ತಂದೆಗೆ ಒಪ್ಪಿಸಲಾಯಿತು.