ಅಳಿಸಿದ ಸಂಕೇತ, ಅಳಿಯದ ದೋಷ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಶಾಲೆಗಳಲ್ಲಿ ನಾನು ಇತಿಹಾಸ ಕಲಿಸಿದವನೆಂಬುದನ್ನು ನೀವು ಬಲ್ಲಿರಿ. ಇಂದು ಮೋಟಾರು ಎಂಜಿನ್ನಿನ ವಿಷಯವೆತ್ತಿಕೊಂಡಿದ್ದಕ್ಕೆ ಆಶ್ಚರ್ಯಪಡಬೇಡಿ. ಈಗ ಎಂಜಿನ್ನಿಗೂ ಒಂದು ದಫ್ತರವಿದೆ. ದಫ್ತರವಿದ್ದಲ್ಲಿ ಇತಿಹಾಸವೂ ಇದ್ದೇ ಇರುತ್ತದೆ.

ನಾನು ನೌಕರಿಗೆ ಸೇರಿದ ಕಾಲದಲ್ಲಿ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದವು ಜೀಪು, ಅಂಬಾಸಡರ್ ಮತ್ತು ಲಾರಿಗಳು. ಅವುಗಳ ಎಂಜಿನ್ನಿಗೆ ನೆನಪೆಂಬುದಿರಲಿಲ್ಲ. ಮಿಸ್ತ್ರಿಯು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಆನಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ವೈದ್ಯನು ನಾಡಿ ನೋಡುವಂತೆ ದೋಷ ಹುಡುಕುತ್ತಿದ್ದ. ಕಾರ್ಬ್ಯುರೇಟರಿನಲ್ಲಿ ಎರೆಭೂಮಿಯ ಧೂಳು ಸೇರಿದ್ದರೆ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಊದಿ ಜೋಡಿಸುತ್ತಿದ್ದ. ಅಲ್ಲಿಗೆ ಕೆಲಸ ಮುಗಿಯಿತು. ಅಳಿಸುವುದಕ್ಕೆ ಏನೂ ಉಳಿಯುತ್ತಿರಲಿಲ್ಲ.

ಈ ಸ್ಥಿತಿಯನ್ನು ಬದಲಿಸಿದ್ದು ಹೊಗೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು 1988ರ ಮಾದರಿಯ ಕಾರುಗಳಿಂದ, ತನ್ನ ದೋಷವನ್ನು ತಾನೇ ಗುರುತಿಸಿಕೊಳ್ಳುವ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿತು. 1996ರಿಂದ ಅಲ್ಲಿನ ಎಲ್ಲ ಹೊಸ ಕಾರುಗಳಿಗೂ ಒಂದೇ ಬಗೆಯ ಸಂಕೇತ, ಒಂದೇ ಬಗೆಯ ಸಾಕೆಟ್ ಬಂದವು. ನಮ್ಮಲ್ಲಿ 1999ರಲ್ಲಿ ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಕಾರುಗಳ ಹೊಗೆಗೆ ಕಟ್ಟುನಿಟ್ಟಿನ ಮಿತಿ ವಿಧಿಸಿದ ಬಳಿಕ ಕಾರ್ಬ್ಯುರೇಟರುಗಳು ಬೇಗನೆ ಹಿಂದೆ ಸರಿದವು. ಭಾರತ್ ಸ್ಟೇಜ್ 4 ನಿಯಮ 2010ರಲ್ಲಿ ದೊಡ್ಡ ನಗರಗಳಿಗೆ, 2017ರ ಏಪ್ರಿಲ್‌ನಲ್ಲಿ ದೇಶಕ್ಕೆಲ್ಲ ಬಂದಿತು. ಸ್ಟೇಜ್ 6 ಬಂದದ್ದು 2020ರ ಏಪ್ರಿಲ್ 1ರಂದು. ಹೀಗೆ ಎಂಜಿನ್ನಿನ ದಫ್ತರವು ನಮ್ಮ ಭೀಮಾತೀರ, ಕೃಷ್ಣಾತೀರದ ಹಳ್ಳಿಗಳನ್ನೂ ತಲುಪಿತು.

ಆ ದಫ್ತರದ ಕ್ರಮ ಹೀಗಿದೆ. ಎಂಜಿನ್ನಿನ ಸೆನ್ಸರುಗಳು ಕಳಿಸುವ ಸುದ್ದಿಯಲ್ಲಿ ತಪ್ಪು ಕಂಡರೆ ಒಳಗಿನ ಕಂಪ್ಯೂಟರು ಒಂದು ಸಂಕೇತವನ್ನು ಬರೆದಿಟ್ಟು, ಚಾಲಕನೆದುರು ಹಳದಿ ದೀಪ ಹೊತ್ತಿಸುತ್ತದೆ. ಉದಾಹರಣೆಗೆ, ಪಿ 0420 ಎಂದರೆ ಹೊಗೆ ಶುದ್ಧಿಗೊಳಿಸುವ ಕನ್ವರ್ಟರು ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಅರ್ಥ. ದೋಷ ಕಂಡ ಕ್ಷಣದ ವೇಗ, ಎಂಜಿನ್ನಿನ ಉಷ್ಣತೆ ಮುಂತಾದವೂ ಜೊತೆಗೆ ದಾಖಲಾಗುತ್ತವೆ. ದುರಸ್ತಿಯಾದ ಮೇಲೆ ಸ್ಟೀರಿಂಗಿನ ಕೆಳಗಿರುವ 16 ಪಿನ್ನುಗಳ ಸಾಕೆಟ್ಟಿಗೆ ಸ್ಕ್ಯಾನರು ಜೋಡಿಸಿ ಇವನ್ನೆಲ್ಲ ಅಳಿಸುತ್ತಾರೆ. ಅಳಿಸದಿದ್ದರೂ, ದುರಸ್ತಿ ನಿಜವಾಗಿದ್ದರೆ, ಸಾಮಾನ್ಯವಾಗಿ ದೋಷವಿಲ್ಲದ ಮೂರು ಪೂರ್ಣ ಓಡಾಟಗಳ ಬಳಿಕ ದೀಪ ತಾನೇ ಆರುತ್ತದೆ.

ಈಗ ನನ್ನ ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಕಾರನ್ನು ಬಾಗೇವಾಡಿ ಕಡೆಯ ಶಿಷ್ಯನೊಬ್ಬನಿಗೆ ಮಾರಿದೆ. ಮಾರುವ ಮುನ್ನ ಹಳದಿ ದೀಪ ಹೊತ್ತಿತ್ತು. ಒಂದು ಗ್ಯಾರೇಜಿನವರು ಐದೇ ನಿಮಿಷದಲ್ಲಿ ಅದನ್ನು ಆರಿಸಿಕೊಟ್ಟರು. ಏನು ದುರಸ್ತಿ ಮಾಡಿದಿರಿ ಎಂದು ನಾನು ಕೇಳಲಿಲ್ಲ. ಕೇಳಬಾರದೆಂದೇ ಕೇಳಲಿಲ್ಲವೇನೋ! ಗುರುಗಳ ಗಾಡಿಯೆಂದು ಆತ ಪರೀಕ್ಷಿಸದೆ ಹಣ ಎಣಿಸಿದ.

ಹತ್ತು ದಿನಗಳಲ್ಲಿ ದೀಪ ಮತ್ತೆ ಹೊತ್ತಿತು. ಆತ ಸಂಕೋಚದಿಂದ ನನಗೆ ತಿಳಿಸಲಿಲ್ಲ. ತಿಳಿಸಿದವನು ಮುದ್ದೇಬಿಹಾಳದ ಮಿಸ್ತ್ರಿ. ಅವನೂ ನನ್ನ ಶಿಷ್ಯನೇ. "ಸರ, ಬರೇ ಲೈಟ್ ಅಳಿಸ್ಯಾರ್ರಿ, ಬ್ಯಾನಿ ಹಂಗ ಐತ್ರಿ" ಎಂದ. ಹೇಗೆ ತಿಳಿಯಿತೆಂದು ಕೇಳಿದೆ. ಸಂಕೇತ ಅಳಿಸಿದ ಬಳಿಕ ಗಾಡಿ ಎಷ್ಟು ಕಿಲೋಮೀಟರು ಓಡಿದೆಯೆಂಬುದನ್ನು ಕಂಪ್ಯೂಟರು ಲೆಕ್ಕವಿಟ್ಟಿತ್ತು. ಆ ಲೆಕ್ಕ ಮಾರಾಟದ ಹಿಂದಿನ ದಿನಕ್ಕೆ ಬಂದು ನಿಲ್ಲುತ್ತಿತ್ತು! ಅಕ್ಷರಗಳನ್ನು ಕೆತ್ತಿ ಹಾಕಿದ ಶಾಸನದಲ್ಲಿ ಕೆತ್ತಿದ ಗುರುತೇ ಒಂದು ಸಾಕ್ಷಿಯೆಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಕನ್ವರ್ಟರಿನ ಪೂರ್ತಿ ಖರ್ಚನ್ನು ನಾನೇ ಕೊಟ್ಟೆ. ಆತ ಬೇಡವೆಂದರೂ ಬಿಡಲಿಲ್ಲ.

ಇಂಥ ಕೈಚಳಕ ನಮ್ಮೂರಿನದಷ್ಟೇ ಅಲ್ಲ. ಹೊಗೆ ತಪಾಸಣೆಗೆ ಮುನ್ನ ಜನರು ಸಂಕೇತ ಅಳಿಸುವುದನ್ನು ಕಂಡೇ, ಅಮೆರಿಕದಲ್ಲಿ 2010ರ ಮಾದರಿಗಳಿಂದ ಮೊದಲ್ಗೊಂಡು, ಸ್ಕ್ಯಾನರಿನಿಂದ ಅಳಿಸಲಾಗದ ಶಾಶ್ವತ ಸಂಕೇತಗಳನ್ನು ಜಾರಿಗೆ ತಂದರು. ದೋಷ ಹೋಯಿತೆಂದು ಎಂಜಿನ್ನೇ ಪರೀಕ್ಷಿಸಿ ಒಪ್ಪಿದಾಗ ಮಾತ್ರ ಅವು ಹೋಗುತ್ತವೆ.

ಶಾಲೆಯ ಹಾಜರಿ ಪುಸ್ತಕದಲ್ಲಿ ತಪ್ಪಾದರೆ ಬ್ಲೇಡಿನಿಂದ ಕೆರೆಯಬಾರದು. ಒಂದೇ ಗೆರೆ ಎಳೆದು, ಸರಿಯಾದುದನ್ನು ಬರೆದು, ಸಹಿ ಮಾಡಬೇಕು. ಹೊಸ ಶಿಕ್ಷಕರಿಗೆ ಈ ಪಾಠವನ್ನು ವರ್ಷಗಟ್ಟಲೆ ಹೇಳಿದವನು ನಾನು. ನೀವೂ ಗಾಡಿಯ ಸಂಕೇತವನ್ನು ಮೊದಲು ಬರೆದಿಟ್ಟುಕೊಳ್ಳಿರಿ, ದುರಸ್ತಿ ಮಾಡಿಸಿರಿ, ಆಮೇಲೆ ಅಳಿಸಿರಿ, ಕೆಲವು ದಿನ ಓಡಿಸಿ ನೋಡಿರಿ. ಹಳೆಯ ಗಾಡಿ ಕೊಳ್ಳುವಾಗ, ಮಾರುವವರು ನಿಮ್ಮ ಗುರುಗಳೇ ಆಗಿದ್ದರೂ, ಸ್ಕ್ಯಾನರು ಹಚ್ಚಿಸಿ ನೋಡಲು ಸಂಕೋಚಪಡಬೇಡಿರಿ.