ಹಳ್ಳಿಯನ್ನು ಕೇಳಲು ಮೂವತ್ತು ದಿನ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ರಸ್ತೆಯ ಎರಡೂ ಬದಿಗೆ ಕಡಲೆಕಾಯಿ ರಾಶಿ ಬೀಳುತ್ತದೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ, ದಾಸರಹಳ್ಳಿಗಳ ರೈತರು ಬೆಳೆದ ಕಡಲೆಕಾಯಿಯನ್ನು ಬಸವ ಬಂದು ಮೇಯುತ್ತಿದ್ದ, ಅದಕ್ಕೇ ಮೊದಲ ಫಸಲನ್ನು ಅವನಿಗೆ ಒಪ್ಪಿಸುವ ರೂಢಿ ಬಂತು ಎಂಬುದು ಜನರ ನಂಬಿಕೆ. ಈಗ ಪರಿಷೆಗೆ ಬರುವ ಕಾಯಿ ಬೇರೆ ಜಿಲ್ಲೆಗಳದ್ದು, ನೆರೆ ರಾಜ್ಯಗಳದ್ದು. ಗುಡಿಯ ಸುತ್ತ ಒಂದು ಗುಂಟೆ ಹೊಲವೂ ಉಳಿದಿಲ್ಲ. ಹೊಲವಿದ್ದ ಕಡೆ ಬಡಾವಣೆ ಎದ್ದು ನೂರು ವರ್ಷಗಳೇ ದಾಟಿವೆ.

ಪಟ್ಟಣದ ಅಂಚಿನಲ್ಲಿ ಹೊಸ ಬಡಾವಣೆ ಬರುವಾಗಲೆಲ್ಲ ಒಂದು ಪ್ರಶ್ನೆ ಏಳುತ್ತದೆ. ಅಲ್ಲಿ ಮೊದಲೇ ಇದ್ದವರನ್ನು ಯಾರಾದರೂ ಕೇಳಿದರೇ? ಕೇಳಿದ್ದರೆ ಏನನ್ನು ಕೇಳಿದರು, ಯಾವಾಗ ಕೇಳಿದರು? ಬೆಂಗಳೂರಿನ ಸುತ್ತಲಿನ ಹಳ್ಳಿಗಳ ಮಟ್ಟಿಗೆ ಈ ಪ್ರಶ್ನೆಗೆ ಒಂದು ಶತಮಾನಕ್ಕೂ ಮೀರಿದ ಇತಿಹಾಸವಿದೆ. ಅದರ ಬಹುಪಾಲು ಅಡಗಿರುವುದು ಕಾನೂನಿನ ಕಲಮುಗಳಲ್ಲಿ.

ಪ್ಲೇಗು ತಂದ ಬಡಾವಣೆ

1898ರ ಆಗಸ್ಟ್‌ನಲ್ಲಿ ಬೆಂಗಳೂರಿಗೆ ಪ್ಲೇಗು ಕಾಲಿಟ್ಟಿತು. ಇಕ್ಕಟ್ಟಾದ ಹಳೇಪೇಟೆಯ ಗಲ್ಲಿಗಳಲ್ಲಿ ಸಾವು ಹೆಚ್ಚಿತು. ಗಾಳಿ ಬೆಳಕು ಚೆನ್ನಾಗಿರುವ ಹೊಸ ವಸತಿಗಳು ಬೇಕೆಂಬ ಒತ್ತಾಯ ಬಲವಾಯಿತು. 1890ರ ದಶಕದಲ್ಲಿ ಯೋಜಿಸಲಾಗಿದ್ದ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳ ಕೆಲಸ ಚುರುಕಾದದ್ದು ಈ ಕಾರಣದಿಂದ. ನೇರ ರಸ್ತೆಗಳು, ಅಗಲವಾದ ನಿವೇಶನಗಳು, ಮನೆಯ ಹಿಂದೆ ಸೇವಾ ಓಣಿ: ಪೇಟೆಯ ಜನ ಅದುವರೆಗೆ ಕಾಣದಿದ್ದ ಅನುಕೂಲಗಳಿವು.

ಈ ವಿಸ್ತರಣೆಗೆ ಬೇಕಾದ ಜಮೀನನ್ನು ಪಡೆಯುವ ಕಾನೂನೂ ಅದೇ ದಶಕದ್ದು. ಬ್ರಿಟಿಷ್ ಇಂಡಿಯಾದಲ್ಲಿ 1894ರ ಭೂಸ್ವಾಧೀನ ಕಾಯ್ದೆ ಬಂತು. ಮೈಸೂರು ಸಂಸ್ಥಾನವೂ ಅದೇ ವರ್ಷ ತನ್ನದೇ ಆದ ಭೂಸ್ವಾಧೀನ ಕಾಯ್ದೆ ಮಾಡಿಕೊಂಡಿತು. ಬ್ರಿಟಿಷ್ ಇಂಡಿಯಾದ ಕಾಯ್ದೆಯ ಪ್ರಕಾರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಣೆ ಹೊರಡಿಸುತ್ತಿತ್ತು. ಅದರ ಸಾರಾಂಶವನ್ನು ಸ್ಥಳದಲ್ಲಿ ತಿಳಿಯಪಡಿಸಬೇಕಿತ್ತು. ಹಳ್ಳಿಗಳಲ್ಲಿ ಇಂಥ ಸುದ್ದಿ ಮುಟ್ಟುತ್ತಿದ್ದದ್ದು ಟಾಂಟಾಂ ಹೊಡೆಸುವುದರಿಂದ, ಚಾವಡಿಯ ಗೋಡೆಗೆ ಕಾಗದ ಅಂಟಿಸುವುದರಿಂದ.

ಆನಂತರ ಅಧಿಕಾರಿಯ ಮುಂದೆ ರೈತ ಎರಡು ವಿಷಯ ಹೇಳಿಕೊಳ್ಳಬಹುದಿತ್ತು. ಅಳತೆ ಸರಿಯಿಲ್ಲ ಎನ್ನಬಹುದಿತ್ತು, ಕೊಡುವ ಹಣ ಸಾಲದು ಎನ್ನಬಹುದಿತ್ತು. ‘ಜಮೀನು ಕೊಡುವುದಿಲ್ಲ’, ‘ಇದರ ಬದಲು ಆಚೆಯ ಬೀಳು ನೆಲ ತೆಗೆದುಕೊಳ್ಳಿ’ ಎನ್ನಲು ಕಾಯ್ದೆಯಲ್ಲಿ ಜಾಗವಿರಲಿಲ್ಲ. ಕೇಳುತ್ತಿದ್ದದ್ದು ‘ಎಷ್ಟು’ ಎಂದು ಮಾತ್ರ. ಪರಿಹಾರ ನಿಗದಿ ಮಾಡುವ ಅಧಿಕಾರಿ ನ್ಯಾಯಾಧೀಶನಲ್ಲ, ಸರ್ಕಾರದ ಪ್ರತಿನಿಧಿ ಎಂದು ಕಲ್ಕತ್ತೆಯ ಎಜ್ರಾ ಎಂಬ ಮಾಲೀಕರ ಪ್ರಕರಣದಲ್ಲಿ 1905ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಪು ಕೊಟ್ಟಿತು. ಭೂಮಿ ಕಳೆದುಕೊಳ್ಳುವವನ ಮಾತಿಗೆ ಎಷ್ಟು ಕಡಿಮೆ ಬೆಲೆಯಿದೆ ಎಂಬುದು ಆ ತೀರ್ಪಿನಿಂದ ಎದ್ದು ಕಂಡಿತು.

‘ಎಷ್ಟು’ ಹೋಗಿ ‘ಏಕೆ’ ಬಂತು

ಬದಲಾವಣೆ ಬಂದದ್ದು 1923ರಲ್ಲಿ. ಕಾಯ್ದೆಗೆ 5ಎ ಎಂಬ ಹೊಸ ಕಲಂ ಸೇರಿತು. ಜಮೀನಿನಲ್ಲಿ ಹಿತಾಸಕ್ತಿ ಇರುವವರಿಗೆ ಸ್ವಾಧೀನವನ್ನೇ ಆಕ್ಷೇಪಿಸುವ ಹಕ್ಕು ಇಲ್ಲ, ಬಂದ ಆಕ್ಷೇಪಣೆಯನ್ನು ಪರಿಶೀಲಿಸುವ ಹೊಣೆಯೂ ಸರ್ಕಾರಕ್ಕಿಲ್ಲ, ಈ ಕೊರತೆ ನೀಗಬೇಕು ಎಂಬುದೇ ತಿದ್ದುಪಡಿಗೆ ಕೊಟ್ಟ ಕಾರಣ. ಅಂದಿನಿಂದ 30 ದಿನಗಳೊಳಗೆ ತಕರಾರು ಅರ್ಜಿ ಸಲ್ಲಿಸಬಹುದಾಯಿತು. ಅಧಿಕಾರಿ ಅರ್ಜಿದಾರನ ಅಹವಾಲು ಕೇಳಿ ವರದಿ ಕಳುಹಿಸಬೇಕಾಯಿತು. ಕೊನೆಯ ತೀರ್ಮಾನ ಮಾತ್ರ ಸರ್ಕಾರದ್ದೇ. ಧಾರವಾಡ, ಬೆಳಗಾವಿಗಳಂತಹ ಮುಂಬಯಿ ಪ್ರಾಂತ್ಯದ ಕನ್ನಡ ಜಿಲ್ಲೆಗಳಿಗೂ ಈ ತಿದ್ದುಪಡಿ ಅನ್ವಯಿಸಿತು.

ಮುಂಬಯಿ ಪ್ರಾಂತ್ಯದಲ್ಲಿ ಇನ್ನೊಂದು ದಾರಿಯೂ ತೆರೆದಿತ್ತು. 1915ರ ಮುಂಬಯಿ ನಗರ ಯೋಜನಾ ಕಾಯ್ದೆಯಲ್ಲಿ ಹೊಲಗಳನ್ನೆಲ್ಲ ಕಿತ್ತುಕೊಳ್ಳುವ ಬದಲು ಒಟ್ಟುಗೂಡಿಸಿ, ರಸ್ತೆ ಮತ್ತು ಸಾರ್ವಜನಿಕ ಜಾಗಕ್ಕೆ ಒಂದು ಪಾಲು ತೆಗೆದು, ಉಳಿದದ್ದನ್ನು ಹೊಸ ನಿವೇಶನಗಳಾಗಿ ಆಯಾ ಮಾಲೀಕರಿಗೇ ಮರಳಿಸಲು ಅವಕಾಶವಿತ್ತು. ಕರಡು ಪ್ರಕಟಿಸಿ ಆಕ್ಷೇಪಣೆ ಪಡೆಯಬೇಕಿತ್ತು. ವ್ಯಾಜ್ಯ ಬಂದರೆ ಮಧ್ಯಸ್ಥಗಾರ ಕೇಳಬೇಕಿತ್ತು. ಈ ಪದ್ಧತಿ ಗುಜರಾತಿನಲ್ಲಿ ಬೇರೂರಿತು. ಅಹಮದಾಬಾದ್ ಬಹುಮಟ್ಟಿಗೆ ಹೀಗೆಯೇ ಬೆಳೆದಿದೆ. ಬೆಂಗಳೂರು ಈ ದಾರಿ ಹಿಡಿಯಲಿಲ್ಲ.

ಬೆಂಗಳೂರಿಗಾಗಿ 1945ರಲ್ಲಿ ಪ್ರತ್ಯೇಕ ಕಾಯ್ದೆ ಬಂತು. ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. 1948ರಲ್ಲಿ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು ಶಂಕುಸ್ಥಾಪನೆ ಮಾಡಿದ ಜಯನಗರ, ಸ್ವಾತಂತ್ರ್ಯಾನಂತರದ ಬೆಂಗಳೂರಿನ ಹೆಮ್ಮೆಯ ಬಡಾವಣೆ. ಭೈರಸಂದ್ರ, ಯಡಿಯೂರುಗಳಂಥ ಹಳ್ಳಿಗಳು ಅದರ ನಡುವೆ ಸಿಕ್ಕಿಕೊಂಡವು. ಇಂದಿಗೂ ಅಲ್ಲಿ ಓಡಾಡುವವರಿಗೆ ನೆಟ್ಟಗಿನ ಅಡ್ಡರಸ್ತೆ ಇದ್ದಕ್ಕಿದ್ದಂತೆ ಡೊಂಕಾಗಿ ಕಿರಿದಾಗುವುದು ಕಾಣುತ್ತದೆ. ಅಲ್ಲಿಗೆ ಬಡಾವಣೆ ಮುಗಿಯಿತು, ಹಳೇ ಊರು ಶುರುವಾಯಿತು ಎಂದು ತಿಳಿಯಬೇಕು. ಗ್ರಾಮಠಾಣ ಉಳಿಯಿತು, ಅದನ್ನು ಸಾಕುತ್ತಿದ್ದ ಹೊಲ ಹೋಯಿತು.

ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ

ಮಂಡಳಿಯ ಜಾಗಕ್ಕೆ 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಬಿಡಿಎ ಬಂತು. ಅದರ ಕಾಯ್ದೆಯ 17ನೇ ಕಲಂ ಹಳ್ಳಿಯವರನ್ನು ಕೇಳುವ ವಿಧಾನವನ್ನು ಹೇಳುತ್ತದೆ. ಯೋಜನೆ ಸಿದ್ಧವಾದ ಮೇಲೆ ಪ್ರಾಥಮಿಕ ಅಧಿಸೂಚನೆ ಗೆಜೆಟ್‌ನಲ್ಲಿ ಪ್ರಕಟವಾಗುತ್ತದೆ. ಕಚೇರಿಗಳ ಫಲಕಕ್ಕೆ ಅದನ್ನು ಅಂಟಿಸುತ್ತಾರೆ. ತೆರಿಗೆ ಪಟ್ಟಿಯಲ್ಲಿ ಅಥವಾ ಕಂದಾಯ ದಾಖಲೆಯಲ್ಲಿ ಹೆಸರಿರುವವರಿಗೆ ನೋಟಿಸು ಹೋಗುತ್ತದೆ. ನೋಟಿಸು ತಲುಪಿದ 30 ದಿನಗಳೊಳಗೆ, ಜಮೀನನ್ನು ಏಕೆ ತೆಗೆದುಕೊಳ್ಳಬಾರದು ಎಂದು ಅವರು ಕಾರಣ ಹೇಳಬೇಕು. ಅಧಿಸೂಚನೆಯ ಪ್ರತಿಯನ್ನು ನಗರ ಪಾಲಿಕೆಗೂ ಕಳುಹಿಸಿ ಅದರ ಅಭಿಪ್ರಾಯ ಪಡೆಯಬೇಕು. ಸರ್ಕಾರ ಒಪ್ಪಿದರೆ ಅಂತಿಮ ಅಧಿಸೂಚನೆ ಬರುತ್ತದೆ.

ಕಾಗದದ ಮೇಲೆ ಇದು ಅಚ್ಚುಕಟ್ಟಾದ ಕ್ರಮ. ಊರೊಳಗೆ ನಿಂತು ನೋಡಿದರೆ ಕಥೆ ಬೇರೆ. ತಂದೆ ತೀರಿಕೊಂಡು ಹತ್ತಾರು ವರ್ಷವಾದರೂ ಖಾತೆ ಅವರ ಹೆಸರಿನಲ್ಲೇ ಇರುವ ಜಮೀನುಗಳು ನಮ್ಮ ಹಳ್ಳಿಗಳಲ್ಲಿ ಸಾಕಷ್ಟಿವೆ. ಅಂಥ ಕಡೆ ನೋಟಿಸು ಹೊರಡುವುದು ಸತ್ತವರ ಹೆಸರಿಗೆ. ಬಾಯಿಮಾತಿನ ಮೇಲೆ ವಾರಕ್ಕೆ ಉಳುವವನ ಹೆಸರು ಪಹಣಿಯಲ್ಲಿ ಇರುವುದಿಲ್ಲ. ಕಳೆ ಕೀಳುವ ಕೂಲಿಯ ಹೆಂಗಸು, ಗೋಮಾಳದಲ್ಲಿ ಕುರಿ ಮೇಯಿಸುವವನು, ನೇಗಿಲು ಮಾಡಿಕೊಡುವ ಬಡಗಿ, ಇವರು ಯಾವ ದಾಖಲೆಯಲ್ಲೂ ಇಲ್ಲ. ಹೊಲ ಹೋದರೆ ಇವರ ಜೀವನವೂ ಹೋಗುತ್ತದೆ. ಆದರೆ ಇವರನ್ನು ಕೇಳಬೇಕು ಎಂದು ಆ ಕಲಂ ಹೇಳುವುದಿಲ್ಲ.

ಕೇಳುವ ಸಮಯದ ಮಾತೂ ಇದೆ. ಊರಿನವರಿಗೆ ನೋಟಿಸು ಬರುವ ಹೊತ್ತಿಗೆ ಸರ್ವೆ ನಂಬರುಗಳ ಪಟ್ಟಿ ತಯಾರಾಗಿರುತ್ತದೆ, ನಕ್ಷೆಯಲ್ಲಿ ರಸ್ತೆಗಳು ಮೂಡಿರುತ್ತವೆ. ಅದಕ್ಕೂ ಮೊದಲೇ ನಗರದ ಮಹಾಯೋಜನೆ ಆ ನೆಲ ವಸತಿಗೋ, ಹಸಿರು ವಲಯಕ್ಕೋ ಎಂದು ಗುರುತು ಹಾಕಿರುತ್ತದೆ. ಮಹಾಯೋಜನೆಯ ಕರಡಿಗೂ ಆಕ್ಷೇಪಣೆ ಸಲ್ಲಿಸಬಹುದು. ಆದರೆ ಬಣ್ಣ ಬಳಿದ ಆ ನಕ್ಷೆಯಲ್ಲಿ ತನ್ನ ಎರಡು ಎಕರೆ ಎಲ್ಲಿದೆ ಎಂದು ಹುಡುಕುವುದು ರೈತನಿಗೆ ಸುಲಭದ ಕೆಲಸವಲ್ಲ.

ಅರ್ಕಾವತಿಯ ಪಾಠ

ಈ ಪದ್ಧತಿಯ ದೌರ್ಬಲ್ಯ ದೊಡ್ಡದಾಗಿ ಬಯಲಾದದ್ದು ಅರ್ಕಾವತಿ ಬಡಾವಣೆಯಲ್ಲಿ. 2003ರ ಫೆಬ್ರುವರಿ 3ರಂದು ಬೆಂಗಳೂರಿನ ಉತ್ತರ ದಿಕ್ಕಿನ 16 ಹಳ್ಳಿಗಳ 3,339 ಎಕರೆ ಜಮೀನಿಗೆ ಪ್ರಾಥಮಿಕ ಅಧಿಸೂಚನೆ ಹೊರಟಿತು. ಜಕ್ಕೂರು, ಥಣಿಸಂದ್ರ, ಸಂಪಿಗೆಹಳ್ಳಿ, ರಾಚೇನಹಳ್ಳಿ, ನಾಗವಾರ, ಹೆಣ್ಣೂರು ಆ ಪಟ್ಟಿಯಲ್ಲಿದ್ದವು. ಆಕ್ಷೇಪಣೆಗಳ ನಂತರ 2004ರ ಫೆಬ್ರುವರಿ 23ರ ಅಂತಿಮ ಅಧಿಸೂಚನೆಯಲ್ಲಿ ಉಳಿದದ್ದು 2,750 ಎಕರೆ.

ಬಿಟ್ಟದ್ದು ಯಾವುದು, ಉಳಿಸಿಕೊಂಡದ್ದು ಯಾವುದು ಎಂಬಲ್ಲಿಂದಲೇ ವ್ಯಾಜ್ಯ ಬೆಳೆಯಿತು. ಪಕ್ಕದವನ ಹೊಲ ಕೈಬಿಟ್ಟಿದ್ದಾರೆ, ನನ್ನದನ್ನು ಬಿಟ್ಟಿಲ್ಲ ಎಂದು ಜನ ನ್ಯಾಯಾಲಯಕ್ಕೆ ಹೋದರು. 2005ರಲ್ಲಿ ಹೈಕೋರ್ಟಿನ ಏಕಸದಸ್ಯ ಪೀಠ ಸ್ವಾಧೀನವನ್ನೇ ರದ್ದುಪಡಿಸಿತು. ಅದೇ ವರ್ಷ ವಿಭಾಗೀಯ ಪೀಠ ಷರತ್ತುಗಳೊಂದಿಗೆ ಎತ್ತಿಹಿಡಿಯಿತು. ಬೊಂಡು ರಾಮಸ್ವಾಮಿ ಪ್ರಕರಣ ಎಂದೇ ಹೆಸರಾದ ಮೊಕದ್ದಮೆಯಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ಸ್ವಾಧೀನವನ್ನು ಉಳಿಸಿತು. ಆದರೆ ಹಸಿರು ವಲಯದ ಜಮೀನು, ಮೊದಲೇ ಮನೆ ಕಟ್ಟಿದ ಜಾಗ, ಸಸಿತೋಟ, ಕಾರ್ಖಾನೆ, ಶಿಕ್ಷಣ ಮತ್ತು ಧರ್ಮ ಸಂಸ್ಥೆಗಳ ನೆಲ, ಅಕ್ಕಪಕ್ಕದಲ್ಲಿ ಕೈಬಿಟ್ಟಂಥದೇ ಜಮೀನು, ಇವುಗಳ ಅಹವಾಲನ್ನು ಮತ್ತೆ ಪರಿಶೀಲಿಸಬೇಕೆಂದಿತು. ಏಳು ವರ್ಷಗಳ ಹಿಂದೆ ಸರಿಯಾಗಿ ಕೇಳಬೇಕಿದ್ದ ಮಾತನ್ನು ಮತ್ತೆ ಕೇಳಿ ಎಂಬುದೇ ಇದರ ಸಾರ. 2014ರಲ್ಲಿ ಜಮೀನು ಕೈಬಿಟ್ಟ ಬಗ್ಗೆ ವಿಚಾರಣೆ ನಡೆಸಲು ನ್ಯಾಯಮೂರ್ತಿ ಎಚ್.ಎಸ್. ಕೆಂಪಣ್ಣ ಆಯೋಗವೂ ನೇಮಕವಾಯಿತು.

ಇದರಿಂದ ಗೆದ್ದವರು ಕಡಿಮೆ. ಹೊಲ ಕಳೆದುಕೊಂಡವರು ನ್ಯಾಯಾಲಯ ಅಲೆದರು. ಜೀವಮಾನದ ಉಳಿತಾಯ ಕಟ್ಟಿ ಸೈಟು ಪಡೆದವರೂ ವರ್ಷಗಟ್ಟಲೆ ಕಾದರು. ಹಳ್ಳಿಯವರನ್ನು ಕೇಳುವುದು ಹಳ್ಳಿಗೆ ಮಾಡುವ ಉಪಕಾರ ಎಂದು ತಿಳಿದವರುಂಟು. ಕೇಳುವ ಕೆಲಸ ಕೆಟ್ಟರೆ ಸೈಟಿಗೆ ಅರ್ಜಿ ಹಾಕಿದ ಗುಮಾಸ್ತನೂ ಬಾಡಿಗೆ ಮನೆಯಲ್ಲೇ ಉಳಿಯುತ್ತಾನೆ ಎಂಬುದನ್ನು ಅರ್ಕಾವತಿ ತೋರಿಸಿತು.

ದೇಶದ ಬೇರೆಡೆಯೂ ಇದೇ ಕಾಲದಲ್ಲಿ ಇಂಥದೇ ಜಗಳ ನಡೆದಿತ್ತು. ತುರ್ತು ಇದೆ ಎಂದು ಹೇಳಿ ಆಕ್ಷೇಪಣೆ ಕೇಳುವುದನ್ನೇ ಬಿಟ್ಟುಬಿಡಲು 1894ರ ಕಾಯ್ದೆ ಅವಕಾಶ ಕೊಟ್ಟಿತ್ತು. ಗ್ರೇಟರ್ ನೋಯ್ಡಾದ ಶಾಹಬೇರಿ ಗ್ರಾಮದಲ್ಲಿ ಹಾಗೆ ಪಡೆದ ಜಮೀನು ಬಹುಮಹಡಿ ವಸತಿ ಕಟ್ಟಡಗಳ ಪಾಲಾಗಿತ್ತು. 2011ರಲ್ಲಿ ಸುಪ್ರೀಂ ಕೋರ್ಟ್ ಆ ಸ್ವಾಧೀನ ರದ್ದಾದದ್ದನ್ನು ಎತ್ತಿಹಿಡಿಯಿತು.

ಹೊಸ ಕಾನೂನು, ಹಳೇ ಅಂಚು

ಇಂಥ ಜಗಳಗಳ ಫಲವಾಗಿ 2013ರ ಭೂಸ್ವಾಧೀನ ಕಾಯ್ದೆ ಬಂತು. 2014ರ ಜನವರಿ 1ರಿಂದ ಜಾರಿಯಾಯಿತು. ಯೋಜನೆಯಿಂದ ಊರಿನ ಬದುಕಿಗೆ ಏನಾಗುತ್ತದೆ ಎಂದು ಮೊದಲು ಅಧ್ಯಯನ ನಡೆಯಬೇಕು. ಗ್ರಾಮ ಪಂಚಾಯತಿ ಅಥವಾ ಪುರಸಭೆಯೊಂದಿಗೆ ಸಮಾಲೋಚಿಸಬೇಕು, ಬಹಿರಂಗ ಸಭೆ ಕರೆಯಬೇಕು, ವರದಿ ಸ್ಥಳೀಯ ಭಾಷೆಯಲ್ಲಿ ಸಿಗಬೇಕು. ಖಾಸಗಿ ಕಂಪನಿಗಾದರೆ ಬಾಧಿತ ಕುಟುಂಬಗಳಲ್ಲಿ ಶೇ 80ರಷ್ಟು, ಸರ್ಕಾರ ಮತ್ತು ಖಾಸಗಿ ಸಹಭಾಗಿತ್ವದ ಯೋಜನೆಗಾದರೆ ಬಾಧಿತ ಕುಟುಂಬಗಳಲ್ಲಿ ಶೇ 70ರಷ್ಟು ಒಪ್ಪಿಗೆ ಬೇಕು. ಮೂರು ವರ್ಷಗಳಿಂದ ಆ ನೆಲವನ್ನೇ ನಂಬಿದ ಗೇಣಿದಾರ, ಕೃಷಿ ಕೂಲಿ, ಕುಶಲಕರ್ಮಿಯೂ ಬಾಧಿತ ಕುಟುಂಬವೇ ಎಂದು ಕಾಯ್ದೆ ಮೊದಲ ಬಾರಿಗೆ ಒಪ್ಪಿತು. ‘ಎಷ್ಟು’, ‘ಏಕೆ’ ಎಂಬ ಪ್ರಶ್ನೆಗಳ ಜೊತೆಗೆ ‘ನಿಮ್ಮ ಗತಿ ಏನು’ ಎಂಬ ಮೂರನೆಯ ಪ್ರಶ್ನೆ ಸೇರಿತು.

ಆದರೆ ಬೆಂಗಳೂರಿನ ಅಂಚಿಗೆ ಈ ಮೂರನೆಯ ಪ್ರಶ್ನೆ ಪೂರ್ತಿಯಾಗಿ ತಲುಪಲಿಲ್ಲ. ಡಾ. ಶಿವರಾಮ ಕಾರಂತ ಬಡಾವಣೆಗಾಗಿ 2008ರ ಡಿಸೆಂಬರ್ 30ರಂದು 17 ಹಳ್ಳಿಗಳ 3,546 ಎಕರೆಗೆ ಪ್ರಾಥಮಿಕ ಅಧಿಸೂಚನೆ ಹೊರಟಿತ್ತು. ಅಂತಿಮ ಅಧಿಸೂಚನೆ ಬಂದದ್ದು ಸುಪ್ರೀಂ ಕೋರ್ಟಿನ ಆದೇಶದ ಮೇಲೆ, 2018ರಲ್ಲಿ. ನಡುವಿನ ಹತ್ತು ವರ್ಷ ಜನ ಅಡಕತ್ತರಿಯಲ್ಲಿ ಸಿಕ್ಕಿದ್ದರು. ಆ ಅವಧಿಯಲ್ಲಿ ಅಲ್ಲಿ ಎದ್ದ ಮನೆಗಳ ಹಣೆಬರಹ ನಿರ್ಧರಿಸಲು ನ್ಯಾಯಮೂರ್ತಿ ಎ.ವಿ. ಚಂದ್ರಶೇಖರ್ ಸಮಿತಿಯನ್ನು ಸುಪ್ರೀಂ ಕೋರ್ಟ್ 2020ರಲ್ಲಿ ನೇಮಿಸಬೇಕಾಯಿತು. ಬಿಡಿಎ ಕಾಯ್ದೆಯ ಸ್ವಾಧೀನಕ್ಕೆ 2013ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು ಅದೇ ನ್ಯಾಯಾಲಯ 2022ರ ಜನವರಿಯಲ್ಲಿ ಸ್ಪಷ್ಟಪಡಿಸಿತು. ಇದಕ್ಕೂ ಮುನ್ನ 2019ರಲ್ಲಿ, ಕೈಗೆಟುಕುವ ದರದ ವಸತಿಯೂ ಸೇರಿದಂತೆ ಕೆಲವು ಬಗೆಯ ಯೋಜನೆಗಳಿಗೆ ಸಾಮಾಜಿಕ ಪರಿಣಾಮದ ಅಧ್ಯಯನದಿಂದ ವಿನಾಯಿತಿ ಕೊಡುವ ಅಧಿಕಾರವನ್ನು ಕರ್ನಾಟಕ ತಿದ್ದುಪಡಿಯ ಮೂಲಕ ಪಡೆದುಕೊಂಡಿತ್ತು.

ಮನೆ ಬೇಡ ಎನ್ನುವವರು ಯಾರೂ ಇಲ್ಲ. ಪ್ಲೇಗಿನ ಕಾಲದಲ್ಲಿ ಬಸವನಗುಡಿ ಎಷ್ಟೋ ಜೀವಗಳಿಗೆ ಆಸರೆಯಾಯಿತು. ಇಂದೂ ನಗರದಲ್ಲಿ ಸೂರಿಲ್ಲದವರಿಗೆ ಸೂರು ಬೇಕು. ಬಡಾವಣೆಗೆ ಹೆಸರು ಕೊಟ್ಟ ಶಿವರಾಮ ಕಾರಂತರು ಕೈಗಾ ಅಣುಸ್ಥಾವರದ ವಿಷಯದಲ್ಲಿ ಜನರ ಮಾತು ಕೇಳಬೇಕೆಂದು ಎಂಬತ್ತು ದಾಟಿದ ವಯಸ್ಸಿನಲ್ಲಿ 1989ರ ಲೋಕಸಭಾ ಚುನಾವಣೆಗೆ ನಿಂತವರು. ಅವರ ಹೆಸರಿನ ಬಡಾವಣೆಯ ಹಳ್ಳಿಗಳಲ್ಲೇ ಕೇಳುವ ಕೆಲಸ ಹತ್ತು ವರ್ಷ ಎಳೆದಾಡಿತು. ನಕ್ಷೆಗೆ ಗೆರೆ ಎಳೆಯುವ ಮೊದಲು ಊರಿನ ಅರಳಿಕಟ್ಟೆಯಲ್ಲಿ, ಪಹಣಿಯಲ್ಲಿ ಹೆಸರಿಲ್ಲದವರನ್ನೂ ಕೂರಿಸಿಕೊಂಡು ಒಂದು ದಿನ ಮಾತಾಡಿದ್ದರೆ ಎಷ್ಟು ವರ್ಷ ಉಳಿಯುತ್ತಿತ್ತು?